ಗ್ರೆಗರಿ ಸೀರೀಸ್‌ಗೆ ಮಾಧವ ಏನಾಗಬೇಕು?

ಇಂಜಿನಿಯರಿಂಗ್ ಗಣಿತದಲ್ಲಿ ಟೇಲರ್, ಮೆಕ್ಲಾರಿನ್ ಸೀರೀಸ್ ಓದದವರು ನಮ್ಮಲ್ಲಿ ಯಾರೂ ಇಲ್ಲ. ಅವುಗಳ ಪಕ್ಕದಲ್ಲೇ ಬರೋ ಇನ್ನೊಂದು ಪುಟ್ಟ ಸೀರೀಸ್ ಇದೆ: 1 − 1/3 + 1/5 − 1/7 + … ಹೀಗೇ ಕಳೆಯುತ್ತಾ ಕೂಡಿಸುತ್ತಾ ಹೋದರೆ ಪೈನ ಕಾಲು ಭಾಗ ಸಿಗುತ್ತೆ. ಪುಸ್ತಕಗಳಲ್ಲಿ ಇದರ ಹೆಸರು ಗ್ರೆಗರಿ ಸೀರೀಸ್ ಅಥವಾ ಲೈಬ್ನಿಜ್ ಸೀರೀಸ್. ಸ್ಕಾಟ್‌ಲೆಂಡಿನ ಜೇಮ್ಸ್ ಗ್ರೆಗರಿ 1671ರಲ್ಲಿ, ಜರ್ಮನಿಯ ಲೈಬ್ನಿಜ್ ಅದಾದ ಎರಡು ಮೂರು ವರ್ಷಕ್ಕೆ ಇದನ್ನು ಕಂಡುಕೊಂಡರು.

ಆದರೆ ಅವರಿಗಿಂತ ಸುಮಾರು 250 ವರ್ಷ ಮೊದಲೇ ಕೇರಳದ ಸಂಗಮಗ್ರಾಮದ ಮಾಧವ (ಸು. 1340–1425) ಇದೇ ಸೀರೀಸನ್ನು ಕಂಡುಕೊಂಡಿದ್ದ. ಮಾಧವನ ಸ್ವಂತ ಬರಹ ಹೆಚ್ಚು ಉಳಿದಿಲ್ಲ. ಅವನ ಶಿಷ್ಯಪರಂಪರೆಯ ಜ್ಯೇಷ್ಠದೇವ ಸುಮಾರು 1530ರಲ್ಲಿ ಬರೆದ ‘ಯುಕ್ತಿಭಾಷಾ’ದಲ್ಲಿ ಸೀರೀಸ್ ಮಾತ್ರವಲ್ಲ, ಅದರ ಸಾಧನೆಯೂ ಹಂತಹಂತವಾಗಿ ಇದೆ. ವೃತ್ತದ ಸುತ್ತ ಒಂದು ಚೌಕ ಬರೆದು, ಅದರ ಅರ್ಧ ಬದಿಯನ್ನು ಸಮನಾದ ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೆ ಎದುರಾಗಿರುವ ಕಂಸದ ಉದ್ದವನ್ನು ಸದೃಶ ತ್ರಿಭುಜಗಳಿಂದ ಅಳೆದು, ಕೊನೆಗೆ ಎಲ್ಲವನ್ನೂ ಕೂಡಿಸುವ ದಾರಿ ಅದು. ನಾವು ಇಂಟಿಗ್ರೇಶನ್ ಕಲಿಯುವಾಗ ಮಾಡೋದೂ ಹೆಚ್ಚೂಕಡಿಮೆ ಇದನ್ನೇ ಅಲ್ವಾ?

ಇನ್ನೊಂದು ವಿಷಯ ಕೋಡ್ ಬರೆಯೋರಿಗೆ ಇಷ್ಟ ಆಗುತ್ತೆ. ಈ ಸೀರೀಸ್ ತುಂಬಾ ನಿಧಾನ. ಹತ್ತು ಪದ ಕೂಡಿಸಿದರೆ ಪೈಗೆ 3.0418 ಬರುತ್ತೆ, ಒಂದನೇ ದಶಮಾಂಶವೇ ತಪ್ಪು. ಕೇರಳದವರು ಇದಕ್ಕೊಂದು ತಿದ್ದುಪಡಿ ಪದ ಹುಡುಕಿದ್ದರು. ಹತ್ತು ಪದ ಕೂಡಿಸಿದ ಮೇಲೆ 101/4050 ಸೇರಿಸಿ, ನಾಲ್ಕರಿಂದ ಗುಣಿಸಿ: 3.1415927 ಬರುತ್ತೆ, ಏಳು ದಶಮಾಂಶದವರೆಗೂ ಸರಿ. ತಿದ್ದುಪಡಿ ಇಲ್ಲದೆ ಇಷ್ಟೇ ನಿಖರತೆ ಬೇಕಂದ್ರೆ ಸುಮಾರು 1.9 ಕೋಟಿ ಪದ ಕೂಡಿಸಬೇಕು! 101 ಅಂದರೆ ಪದಗಳ ಸಂಖ್ಯೆಯ ವರ್ಗಕ್ಕೆ ಒಂದು ಕೂಡಿಸಿದ್ದು. 4050 ಅಂದರೆ ಅದೇ ಸಂಖ್ಯೆಯ ಘನದ ನಾಲ್ಕು ಪಟ್ಟು, ಜೊತೆಗೆ ಸಂಖ್ಯೆಯ ಐದು ಪಟ್ಟು. ಲ್ಯಾಪ್‌ಟಾಪಲ್ಲಿ ಐದು ನಿಮಿಷದ ಕೆಲಸ, ಪರೀಕ್ಷಿಸಿ ನೋಡಿ.

ಹಾಗಾದರೆ ಈ ಹೆಸರು ನಮ್ಮ ಪುಸ್ತಕಕ್ಕೆ ಯಾಕೆ ಬರಲಿಲ್ಲ? ಯಾರಿಗೂ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಮಲಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದ ಚಾರ್ಲ್ಸ್ ವಿಶ್ ಎಂಬ ಇಂಗ್ಲಿಷಿನವನೇ ಈ ಗ್ರಂಥಗಳ ಬಗ್ಗೆ ಲೇಖನ ಬರೆದ. ಅದು 1834ರಲ್ಲಿ ಅಚ್ಚಾಯಿತು. ಆಮೇಲೆ ಹತ್ತಿರಹತ್ತಿರ ಒಂದು ಶತಮಾನ ಅದನ್ನು ಕೇಳಿದವರು ಕಡಿಮೆ. 1940ರ ದಶಕದಲ್ಲಿ ಸಿ. ಟಿ. ರಾಜಗೋಪಾಲ್ ಮತ್ತು ಸಂಗಡಿಗರು ಮತ್ತೆ ಆ ಸಾಧನೆಗಳನ್ನು ಗಣಿತಜ್ಞರ ಮುಂದಿಟ್ಟರು. ಕೆ. ವಿ. ಶರ್ಮ ಓಲೆಗರಿಗಳನ್ನು ಹುಡುಕಿ ಸಂಪಾದಿಸಿದರು.

ಇಲ್ಲಿ ಕೆಲಸ ಮಾಡಿದ್ದು ಯಾರೋ ಒಬ್ಬರ ದುರುದ್ದೇಶ ಅಲ್ಲ, ಒಂದು ಕಥೆಯ ಚೌಕಟ್ಟು. ವಿಜ್ಞಾನ ಗ್ರೀಸಿನಲ್ಲಿ ಹುಟ್ಟಿತು, ನಡುವೆ ನಿದ್ದೆ ಹೋಯಿತು, ಯುರೋಪಿನಲ್ಲಿ ಎದ್ದಿತು. ಉಳಿದವರ ಹತ್ತಿರ ಲೆಕ್ಕ ಇತ್ತು, ಪ್ರೂಫ್ ಇರಲಿಲ್ಲ. ಈ ಕಥೆ ಒಮ್ಮೆ ತಲೆಯಲ್ಲಿ ಕೂತರೆ ಅದಕ್ಕೆ ಹೊಂದದ ಸಾಕ್ಷಿ ಎದುರಿಗೆ ಬಂದರೂ ಕಣ್ಣಿಗೆ ಬೀಳೋದಿಲ್ಲ. ಯುರೋಪ್ ಕೇಂದ್ರಿತ ನೋಟ ಅಂದರೆ ಇದೇ: ಯುರೋಪನ್ನು ಹೊಗಳುವುದಲ್ಲ, ಯುರೋಪಿನ ಅನುಭವವನ್ನೇ ಇಡೀ ಲೋಕದ ಅಳತೆಗೋಲು ಮಾಡಿಕೊಳ್ಳುವುದು.

ಇದೆಲ್ಲ ಹಳೇ ಇತಿಹಾಸ, ನಮಗೇನು ಅಂತೀರಾ? ನಮ್ಮ ಕ್ಲಾಸ್‌ರೂಮಿನ ಎಸಿಯನ್ನೇ ತಗೊಳ್ಳಿ. ಕೋಣೆಯಲ್ಲಿ ಎಷ್ಟು ಉಷ್ಣತೆ ಇದ್ದರೆ ಮನುಷ್ಯನಿಗೆ ಹಿತ ಅನ್ನೋದಕ್ಕೆ ಜಗತ್ತಿನಾದ್ಯಂತ ಬಳಸುವ ಸೂತ್ರವನ್ನು ಡೆನ್ಮಾರ್ಕಿನ ಫಾಂಗರ್ 1970ರ ಹೊತ್ತಿಗೆ ರೂಪಿಸಿದರು. ಅದಕ್ಕೆ ಆಧಾರ, ಪ್ರಯೋಗದ ಕೋಣೆಯಲ್ಲಿ ಕೂರಿಸಿದ ಅಮೆರಿಕ ಮತ್ತು ಡೆನ್ಮಾರ್ಕಿನ ಕಾಲೇಜು ವಿದ್ಯಾರ್ಥಿಗಳು. ವಿಜ್ಞಾನ ಚೆನ್ನಾಗಿಯೇ ಇತ್ತು. ಆದರೆ ಹತ್ತಿ ಬಟ್ಟೆ ಹಾಕಿ, ಫ್ಯಾನ್ ಕೆಳಗೆ ಕೂತು, ಏಪ್ರಿಲ್ ಬಿಸಿಲಿಗೆ ಒಗ್ಗಿಕೊಂಡ ದೇಹ ಆ ಲೆಕ್ಕದಲ್ಲಿ ಇರಲಿಲ್ಲ. ಮುಂದೆ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ತಂಡ ಬೆಂಗಳೂರೂ ಸೇರಿದಂತೆ ಬೇರೆ ಬೇರೆ ಹವಾಮಾನದ ಊರುಗಳ ಕಚೇರಿಗಳಿಗೆ ಹೋಗಿ, ಕೆಲಸ ಮಾಡುತ್ತಾ ಕೂತವರನ್ನೇ ಕೇಳಿತು. ಹಳೆಯ ಸೂತ್ರ ‘ಸೆಖೆ’ ಅನ್ನುವ ಕಡೆ ನಮ್ಮ ಜನ ಹಿತವಾಗಿಯೇ ಇದ್ದರು. ಆ ಭಾರತೀಯ ಮಾದರಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಗೂ ಸೇರಿತು. ಸೆಟ್ಟಿಂಗ್ ಎರಡು ಡಿಗ್ರಿ ಮೇಲೆ ಹೋದರೂ ಎಷ್ಟು ಕರೆಂಟ್ ಉಳಿಯುತ್ತೆ ಅನ್ನೋದು ನಮಗೇ ಗೊತ್ತು.

ಗಮನಿಸಿ, ಆ ತಂಡ ಫಾಂಗರ್‌ನನ್ನು ಬೈಯಲಿಲ್ಲ. ಥರ್ಮೋಡೈನಮಿಕ್ಸನ್ನೂ ಬಿಡಲಿಲ್ಲ. ‘ಈ ಅಂಕಿ ಯಾರ ಮೈಮೇಲೆ ಅಳೆದದ್ದು?’ ಅಂತ ಒಂದು ಪ್ರಶ್ನೆ ಕೇಳಿತು, ತಾನೇ ಅಳೆಯಿತು.

ಮಲೇಷ್ಯಾದ ಸಮಾಜಶಾಸ್ತ್ರಜ್ಞ ಸೈಯದ್ ಹುಸೇನ್ ಅಲತಾಸ್ 1970ರ ದಶಕದಲ್ಲಿ ‘ಸೆರೆಸಿಕ್ಕ ಮನಸ್ಸು’ ಎಂಬ ಕಲ್ಪನೆ ಮುಂದಿಟ್ಟಿದ್ದು ಇದನ್ನು ಕುರಿತೇ. ಹೊರಗಿನಿಂದ ಉತ್ತರ ತರುವುದು ಅವರ ದೃಷ್ಟಿಯಲ್ಲಿ ತಪ್ಪಲ್ಲ. ಯಾವ ಪ್ರಶ್ನೆ ಮುಖ್ಯ ಅನ್ನೋದನ್ನೂ ಯೋಚಿಸದೆ ಹೊರಗಿನಿಂದಲೇ ತರುವುದು ಸೆರೆ. ಅಲತಾಸ್ ಸ್ವತಃ ಆಮ್‌ಸ್ಟರ್‌ಡ್ಯಾಮಿನಲ್ಲಿ ಓದಿ ಪಿಎಚ್‌ಡಿ ಪಡೆದವರು.

ಇದಕ್ಕೆ ವಿರುದ್ಧ ದಿಕ್ಕಿನಲ್ಲೂ ಒಂದು ಗುಂಡಿ ಇದೆ: ‘ಎಲ್ಲಾ ನಮ್ಮಲ್ಲೇ ಇತ್ತು’ ಅನ್ನೋದು. 1965ರಲ್ಲಿ ಅಚ್ಚಾದ ‘ವೇದಗಣಿತ’ದ ಸೂತ್ರಗಳು ವಿದ್ವಾಂಸರಿಗೆ ವೇದಗಳಲ್ಲಿ ಸಿಕ್ಕಿಲ್ಲ, ಅವು ಬೇಗ ಗುಣಿಸುವ ಉಪಾಯಗಳು. ಆದರೂ ಅದಕ್ಕೆ ಊರೂರಲ್ಲಿ ಕೋಚಿಂಗ್ ಇದೆ, ನಿಜವಾದ ಸಾಧನೆಗಳಿರುವ ‘ಯುಕ್ತಿಭಾಷಾ’ದ ಹೆಸರು ಕೇಳಿದವರು ವಿರಳ. ಹಾಗೆಯೇ ಮಾಧವನ ವಿಷಯದಲ್ಲೂ ಅಳತೆ ತಪ್ಪಬಾರದು. ಕೇರಳದವರು ಸೈನ್, ಕೊಸೈನ್, ಆರ್ಕ್‌ಟ್ಯಾನ್ ಸೀರೀಸ್‌ಗಳನ್ನು ಸಾಧಿಸಿದರು. ಯಾವ ಫಂಕ್ಷನ್‌ಗಾದರೂ ಹೊಂದುವ ನ್ಯೂಟನ್-ಲೈಬ್ನಿಜ್‌ರ ಕ್ಯಾಲ್ಕುಲಸ್ ಕಟ್ಟಲಿಲ್ಲ. ಕೇರಳದ ಗಣಿತ ಯುರೋಪಿಗೆ ಹೋಯಿತು ಅನ್ನೋದಕ್ಕೂ ಗಟ್ಟಿ ದಾಖಲೆ ಸಿಕ್ಕಿಲ್ಲ. ಯುರೋಪಿನ ಕಥೆಗೆ ಸಾಕ್ಷಿ ಕೇಳುವ ನಾವು ನಮ್ಮ ಕಥೆಗೂ ಅಷ್ಟೇ ಸಾಕ್ಷಿ ಕೇಳಬೇಕು.

ಕನ್ನಡ ಸಂಘದವರಿಗೆ ಕೊನೆಯದೊಂದು ಮಾತು. ‘ಯುಕ್ತಿಭಾಷಾ’ ಬರೆದದ್ದು ಸಂಸ್ಕೃತದಲ್ಲಲ್ಲ, ಮಲಯಾಳದಲ್ಲಿ. ನಮ್ಮಲ್ಲೂ 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಕಷ್ಟದ ಗಣಿತವನ್ನು ಆಡುವ ಭಾಷೆಯಲ್ಲಿ ವಿವರಿಸಲು ಆಗಲ್ಲ ಅನ್ನೋ ಮಾತು ಆಗಲೇ ಸುಳ್ಳಾಗಿದೆ. ಮುಂದಿನ ಸಲ ಪ್ರಾಜೆಕ್ಟಿಗೆ ಡೇಟಾಸೆಟ್ ಡೌನ್‌ಲೋಡ್ ಮಾಡುವಾಗ, ಕೋಡ್ ಪುಸ್ತಕದಿಂದ ಒಂದು ಸ್ಥಿರಾಂಕ ಎತ್ತಿಕೊಳ್ಳುವಾಗ, ಅದನ್ನು ಯಾವ ಊರಲ್ಲಿ, ಯಾರ ಮೇಲೆ, ಯಾವ ಮಣ್ಣಿನಲ್ಲಿ ಅಳೆದದ್ದು ಅಂತ ನೋಡಿ. ನಮ್ಮೂರಿಗೆ ಹೊಂದದಿದ್ದರೆ, ಬಹುಶಃ ನಿಮ್ಮ ಪ್ರಾಜೆಕ್ಟಿನ ವಿಷಯ ಅಲ್ಲೇ ಸಿಕ್ಕಿತು.