ನಿಮಗಿದು ಗೊತ್ತೆ? ಗಡಾಯಿಕಲ್ಲಿನ ಫಿರಂಗಿಯಿಂದ ಜರ್ಮನ್ ಹೊವಿಟ್ಜರ್‌ವರೆಗೆ

* ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನ್ ಜಮಲಾಬಾದ್ ಕೋಟೆ ಕಟ್ಟಿಸಿದ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಹತ್ತಿದರೆ ಮೇಲೆ ಹಳೆಯ ಫಿರಂಗಿಯೊಂದು ಇಂದಿಗೂ ಇದೆ.

* ಅಂಥ ಫಿರಂಗಿಯ ಗುಂಡು ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ಗುಡ್ಡದ ಮರೆಯ ಗುರಿಗೆ ಅದು ತಾಗದು. ಮೂತಿ ಮೇಲೆತ್ತಿ, ಗುಂಡನ್ನು ಕಮಾನಿನಂತೆ ಹಾರಿಸಿ ಮೇಲಿನಿಂದ ಬೀಳಿಸಲೆಂದು ಹುಟ್ಟಿದ ತೋಪೇ ಹೊವಿಟ್ಜರ್.

* ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಮುಖ್ಯ ಹೊವಿಟ್ಜರ್ 'ಲೆ.ಎಫ್.ಎಚ್. 18'. ರೈನ್‌ಮೆಟಾಲ್ ಕಂಪನಿ ಇದನ್ನು 1920ರ ದಶಕದ ಕೊನೆಯಲ್ಲಿ ರೂಪಿಸಿತು. ಸೇನೆಗೆ ಸೇರಿದ್ದು 1935ರಲ್ಲಿ. ಮೊದಲ ಮಹಾಯುದ್ಧದ ನಂತರದ ವರ್ಸೈ ಒಪ್ಪಂದ ಜರ್ಮನಿಯ ಶಸ್ತ್ರಾಸ್ತ್ರಗಳ ಮೇಲೆ ನಿರ್ಬಂಧ ಹೇರಿದ್ದರಿಂದ, 1918ರ ಹಳೆ ಮಾದರಿಯೆಂದು ತೋರಿಸಲು '18' ಎಂಬ ಅಂಕಿ ಸೇರಿಸಿದರು.

* ನಳಿಗೆಯ ಬಾಯಿ 105 ಮಿ.ಮೀ., ಗುಂಡಿನ ತೂಕ ಸುಮಾರು 15 ಕಿಲೋ, ವ್ಯಾಪ್ತಿ 10.6 ಕಿ.ಮೀ. ಮೂತಿಗೆ ಹಿಂದೊದೆತ ತಗ್ಗಿಸುವ ಬ್ರೇಕ್ ಅಳವಡಿಸಿ, ಹೆಚ್ಚು ಮದ್ದು ತುಂಬಿದಾಗ ವ್ಯಾಪ್ತಿ 12.3 ಕಿ.ಮೀ.ಗೆ ಏರಿತು.

* ಹೆಸರಿನ 'ಲೆ' ಎಂದರೆ 'ಹಗುರ'; ಆದರೂ ತೂಕ ಸುಮಾರು 2 ಟನ್. ಬಹುಪಾಲು ತೋಪುಗಳನ್ನು ಎಳೆದದ್ದು ಕುದುರೆಗಳು. ರಷ್ಯಾದ ಕೆಸರಿನಲ್ಲಿ ಈ ಭಾರವೇ ದೊಡ್ಡ ತೊಡಕಾಯಿತು. ಟ್ಯಾಂಕ್ ನಿರೋಧಕ ತೋಪಿನ ಗಾಡಿಗೆ ಕೂರಿಸಿದ '18/40' ಮಾದರಿಯಲ್ಲೂ ತೂಕ ಹೆಚ್ಚೇನೂ ಇಳಿಯಲಿಲ್ಲ.

* ಭಾರತದಲ್ಲೇ ರೂಪಿಸಿದ 'ಇಂಡಿಯನ್ ಫೀಲ್ಡ್ ಗನ್' ತೋಪಿನ ಬಾಯಿಯೂ 105 ಮಿ.ಮೀ. ಅದರ ಗುಂಡು ಸುಮಾರು 17 ಕಿ.ಮೀ. ಸಾಗುತ್ತದೆ. 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ಸೇನೆ ಅದನ್ನು ಬಳಸಿತ್ತು.