ನೋವಿನ ಮಾತ್ರೆ ಮತ್ತು ಕೊಬ್ಬಿನ ಮಾತ್ರೆ

ಶ್ರೀರಂಗಪಟ್ಟಣದ ದಸರೆ ಆರಂಭವಾಗುವ ಬನ್ನಿಮಂಟಪ ಇರುವುದು ಕಿರಂಗೂರಿನಲ್ಲಿ. ಆ ಊರಿನಲ್ಲಿ ನಾನು ಬಹುಕಾಲ ಔಷಧದ ಅಂಗಡಿ ನಡೆಸಿದವನು. ಕಬ್ಬು ಕಡಿದು ಆಲೆಮನೆಗೆ ಸಾಗಿಸುವ ದಿನಗಳು ಬಂದವೆಂದರೆ ನನ್ನ ಅಂಗಡಿಯ ಮುಂದೆ ಸೊಂಟ, ಮಂಡಿ, ಹೆಗಲುಗಳ ನೋವು ಸಾಲುಗಟ್ಟಿ ನಿಲ್ಲುತ್ತಿತ್ತು.

ಅಂಥದೊಂದು ಸಂಜೆ ನಮ್ಮೂರಿನ ಹಿರಿಯರೊಬ್ಬರು ಬಂದರು. ಎರಡು ವರ್ಷದ ಹಿಂದೆ ಅವರಿಗೆ ಹೃದಯಾಘಾತವಾಗಿ, ಮೈಸೂರಿನಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದರು. "ಸ್ವಾಮಿ, ಮಂಡಿನೋವು ತಡ್ಕಳಾಕಾಗಾಕಿಲ್ಲ. ಮೊನ್ನೆ ಕೊಟ್ರಲ್ಲ, ಅದನ್ನೇ ಇನ್ನೊಂದು ಹತ್ತು ಕೊಡಿ" ಎಂದರು. ಅವರ ಪಾದಗಳು ಊದಿದ್ದುದನ್ನು ಕಂಡು, "ಗೌಡ್ರೆ, ರಾತ್ರಿ ನುಂಗೋ ಕೊಬ್ಬಿನ ಮಾತ್ರೆ ತಗೋತಿದ್ದೀರಾ?" ಎಂದು ಕೇಳಿದೆ. "ಅದರಿಂದ್ಲೇ ಮೈಕೈ ನೋವು ಬರೋದಂತೆ ಕಣ್ ಸ್ವಾಮಿ. ಬಿಟ್ಟು ಹದಿನೈದು ದಿನ ಆಯ್ತು" ಎಂದರು. ಹೀಗೆ ಬೇಕಾದ ಮಾತ್ರೆ ನಿಂತುಹೋಗಿ ಬೇಡವಾದುದು ದಿನಕ್ಕೆ ಮೂರರಂತೆ ಹೊಟ್ಟೆ ಸೇರುತ್ತಿತ್ತು. ಅದನ್ನು ಪಟ್ಟಿಯಿಂದ ಕತ್ತರಿಸಿ, ಹೆಸರಿಲ್ಲದ ತುಂಡುಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟವನು ನನ್ನ ಅಂಗಡಿಯ ಹುಡುಗನೇ ಎಂಬುದನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ.

ಕೊಬ್ಬಿನ ಮಾತ್ರೆಯೆಂದು ಜನ ಕರೆಯುವ ಅಟೊರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಮೊದಲಾದವು ಸ್ಟ್ಯಾಟಿನ್ ಎಂಬ ಒಂದೇ ಕುಲಕ್ಕೆ ಸೇರಿದವು. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ 1970ರ ದಶಕದಲ್ಲಿ ಸಾವಿರಾರು ಬಗೆಯ ಬೂಷ್ಟುಗಳನ್ನು ಶೋಧಿಸಿ ಈ ಕುಲದ ಮೊದಲ ವಸ್ತುವನ್ನು ಕಂಡುಹಿಡಿದರು. ಅಕ್ಕಿಯ ಮೇಲೆ ಬೆಳೆದ ಬೂಷ್ಟೊಂದರಲ್ಲಿ ಅದು ದೊರೆತದ್ದು ಅನ್ನ ಉಣ್ಣುವ ನಮಗೆ ಸ್ವಾರಸ್ಯವಾಗಿ ತೋರೀತು. ಯಕೃತ್ತು ಕೊಲೆಸ್ಟರಾಲನ್ನು ತಯಾರಿಸುವ ಕೆಲಸಕ್ಕೆ ಸ್ಟ್ಯಾಟಿನ್ ತಡೆಯೊಡ್ಡುತ್ತದೆ. ಆಗ ಯಕೃತ್ತು ತನಗೆ ಬೇಕಾದುದನ್ನು ರಕ್ತದಿಂದಲೇ ಸೆಳೆದುಕೊಳ್ಳುವುದರಿಂದ ರಕ್ತದಲ್ಲಿ ಅದರ ಪ್ರಮಾಣ ಇಳಿಯುತ್ತದೆ.

ಈ ಮಾತ್ರೆಯಿಂದ ಸ್ನಾಯುನೋವು ಬರುವುದುಂಟು. ಆದರೆ ಜನ ಭಾವಿಸಿರುವಷ್ಟಲ್ಲ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ, ಸ್ಟ್ಯಾಟಿನ್ ಸೇವಿಸುತ್ತಿದ್ದವರು ಹೇಳಿಕೊಂಡ ಸ್ನಾಯುನೋವಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲಿಗೆ ಆ ಮಾತ್ರೆ ಕಾರಣವಾಗಿರಲಿಲ್ಲ. ದಿನವಿಡೀ ಕಬ್ಬಿನ ಹೊರೆ ಹೊತ್ತವನ ಮಂಡಿ ನೋಯುವುದಕ್ಕೆ ಬೇರೆ ಕಾರಣವೇಕೆ ಬೇಕು? ಆದರೂ ತೊಡೆ, ತೋಳುಗಳ ಸ್ನಾಯುಗಳು ಎರಡೂ ಪಕ್ಕದಲ್ಲಿ ತೀವ್ರವಾಗಿ ನೊಂದು ನಿಶ್ಶಕ್ತವಾದರೆ, ಮೂತ್ರವು ಕಡುಗಂದು ಬಣ್ಣಕ್ಕೆ ತಿರುಗಿದರೆ, ಅಂದೇ ವೈದ್ಯರನ್ನು ಕಾಣಬೇಕು. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಧಕ್ಕೆಯಾಗುವ ಈ ಸ್ಥಿತಿ ಬಲು ಅಪರೂಪ. ನೋವಿನ ಮಾತ್ರೆ ನುಂಗಿ ಅದನ್ನು ಅಡಗಿಸಿಟ್ಟರೆ ಮಾತ್ರ ಕೆಲಸ ಕೆಡುತ್ತದೆ.

ಹಾಗಾದರೆ ಸಾಮಾನ್ಯ ನೋವಿಗೆ ಏನು ತೆಗೆದುಕೊಳ್ಳುವುದು? ಸ್ಟ್ಯಾಟಿನ್ ಸೇವಿಸುವವರಿಗೆ ಮೊದಲ ಆಯ್ಕೆ ಪ್ಯಾರಸಿಟಮಾಲ್. ಇವೆರಡಕ್ಕೂ ನೇರವಾದ ವೈರವಿಲ್ಲ. ಆರೋಗ್ಯವಂತ ವಯಸ್ಕನಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ಮುದುಕರಿಗೆ, ಕೃಶರಿಗೆ, ಮದ್ಯಪಾನಿಗಳಿಗೆ, ಯಕೃತ್ತಿನ ತೊಂದರೆಯುಳ್ಳವರಿಗೆ ಅದಕ್ಕಿಂತ ಕಡಿಮೆ. ಮಿತಿ ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಮಿತಿ ಮೀರುವುದಾದರೂ ಎಷ್ಟು ಸುಲಭ! ಜ್ವರಕ್ಕೆಂದು 650 ಮಿಲಿಗ್ರಾಂನ ಮಾತ್ರೆ ಮೂರು ಹೊತ್ತು ತೆಗೆದುಕೊಂಡರೆ 1950 ಆಯಿತು. ನೆಗಡಿಯ ಮಾತ್ರೆಯಲ್ಲಿಯೂ ಸಾಮಾನ್ಯವಾಗಿ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಅಡಗಿರುತ್ತದೆ. ಮೂರು ಹೊತ್ತಿಗೆ 1500. ಮೈಕೈ ನೋವಿಗೆಂದು ಕಾಂಬಿಫ್ಲಾಮ್ ಎರಡು ನುಂಗಿದರೆ ಅದರಲ್ಲಿರುವ 325 ಎರಡು ಬಾರಿ ಸೇರಿ 650. ಒಟ್ಟು 4100. ನಾನೇ ಒಮ್ಮೆ ನೆಗಡಿ ಬಂದಾಗ ಈ ಲೆಕ್ಕದ ಅಂಚಿಗೆ ಹೋಗಿ, ಪಟ್ಟಿಯ ಹಿಂಬದಿ ಓದಿ ಎಚ್ಚೆತ್ತೆ.

ಐಬುಪ್ರೊಫೆನ್, ಡೈಕ್ಲೋಫಿನಾಕ್‌ಗಳ ಕಥೆ ಬೇರೆ. ಸ್ಟ್ಯಾಟಿನ್ ಸೇವಿಸುವವರಲ್ಲಿ ಬಹುಮಂದಿ ಹೃದ್ರೋಗಿಗಳು, ಇಲ್ಲವೇ ರಕ್ತದೊತ್ತಡದವರು. ಈ ಗುಂಪಿನ ಮಾತ್ರೆಗಳು ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ, ರಕ್ತದೊತ್ತಡವನ್ನು ಏರಿಸುತ್ತವೆ, ಹೃದಯಾಘಾತದ ಸಂಭವವನ್ನೂ ಹೆಚ್ಚಿಸುತ್ತವೆ. ಮೂತ್ರಪಿಂಡಕ್ಕೆ ಹೋಗುವ ರಕ್ತ ಇದರಿಂದ ಕುಗ್ಗುತ್ತದೆ. ಬಿಸಿಲಿನಲ್ಲಿ ಬೆವರಿ ನೀರು ಕುಡಿಯದ ದುಡಿಮೆಗಾರನಿಗೆ ಅದು ಇನ್ನಷ್ಟು ಅಪಾಯ. ಡೈಕ್ಲೋಫಿನಾಕ್ ಕೊಟ್ಟ ದನಗಳ ಹೆಣ ತಿಂದು ಮೂತ್ರಪಿಂಡ ಕೆಟ್ಟು ಸತ್ತ ರಣಹದ್ದುಗಳ ಸಂಗತಿಯನ್ನು ನೀವು ಕೇಳಿರಬಹುದು. ರಾಮನಗರದ ರಾಮದೇವರ ಬೆಟ್ಟದಲ್ಲಿ ಈಗ ಅವುಗಳಿಗೆಂದೇ ಒಂದು ಧಾಮವಿದೆ. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು ನಿಷೇಧಿಸಿದರು. ಮನುಷ್ಯ ಹದ್ದಿನಷ್ಟು ಸೂಕ್ಷ್ಮನಲ್ಲ, ನಿಜ.

ಹೃದಯಕ್ಕೆಂದು ಕೊಡುವ 75 ಮಿಲಿಗ್ರಾಂ ಆಸ್ಪಿರಿನ್ನಿಗೂ ಐಬುಪ್ರೊಫೆನ್ ಅಡ್ಡಬರುತ್ತದೆ. ರಕ್ತಕಣದಲ್ಲಿ ಎರಡೂ ಒಂದೇ ಜಾಗಕ್ಕೆ ಕೈಹಾಕುವುದರಿಂದ, ಐಬುಪ್ರೊಫೆನ್ ಮೊದಲು ಹೋಗಿ ಕುಳಿತರೆ ಆಸ್ಪಿರಿನ್ನಿಗೆ ಎಡೆಯಿಲ್ಲದಂತಾಗುತ್ತದೆ. ಆಸ್ಪಿರಿನ್ ನುಂಗಿ ಅರ್ಧ ಗಂಟೆಯಾದರೂ ಕಳೆದಿರಬೇಕೆಂಬ ಸೂಚನೆಯುಂಟು. ಆದರೆ ನಮ್ಮಲ್ಲಿ ಹೆಚ್ಚಾಗಿ ಸಿಗುವ ಪದರ ಹಚ್ಚಿದ ಆಸ್ಪಿರಿನ್ನಿಗೆ ಆ ಲೆಕ್ಕವನ್ನು ನಂಬುವಂತಿಲ್ಲ. ಎರಡೂ ಒಟ್ಟಿಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಭಯವೂ ಇದೆ. ಮಂಡಿನೋವಿಗೆ ಬಿಸಿನೀರಿನ ಶಾಖ, ಮೇಲೆ ಹಚ್ಚುವ ಮುಲಾಮು ಇವುಗಳಿಂದ ಮೊದಲು ಪ್ರಯತ್ನಿಸುವುದು ಲೇಸು. ಹಚ್ಚಿದ ಮದ್ದು ರಕ್ತಕ್ಕೆ ಸೇರುವುದು ಅಲ್ಪ.

ಗೌಡರನ್ನು ಮರುದಿನವೇ ವೈದ್ಯರಲ್ಲಿಗೆ ಕಳುಹಿಸಿದೆ. ರಕ್ತದ ಕ್ರಿಯಾಟಿನಿನ್ ಏರಿತ್ತು. ಮೂತ್ರಪಿಂಡ ದಣಿದಿದೆಯೆಂದು ಅದರ ಅರ್ಥ. ನೋವಿನ ಮಾತ್ರೆ ನಿಲ್ಲಿಸಿದ ಕೆಲವು ವಾರಗಳಲ್ಲಿ ಅದು ಇಳಿಯಿತು. ಕೊಬ್ಬಿನ ಮಾತ್ರೆಯನ್ನು ವೈದ್ಯರು ಮತ್ತೆ ಆರಂಭಿಸಿದರು. ಅಂದಿನಿಂದ ನನ್ನ ಅಂಗಡಿಯಲ್ಲಿ ಹೆಸರು ಕಾಣದಂತೆ ಪಟ್ಟಿ ಕತ್ತರಿಸುವುದು ನಿಂತಿತು. ಗೌಡರು ಯಾವ ಅಂಗಡಿಗೆ ಹೋದರೂ ಎಲೆಯಡಿಕೆಯ ಸಂಚಿಯಿಂದ ತಮ್ಮ ಮಾತ್ರೆಗಳ ಪಟ್ಟಿಗಳನ್ನು ತೆಗೆದು ಮುಂದಿಟ್ಟು, "ಇವುಕ್ಕೆ ಹೊಂದೋದು ಇದ್ರೆ ಕೊಡಿ" ಎನ್ನುತ್ತಾರೆ.