ಮೇಲ್ ಹೊಂದಿಸುವ ಸಿ ಕೋಡ್: ರಿವ್ಯೂ ಮಾಡುವವರು ಎಲ್ಲಿ ನೋಡಬೇಕು?

ಗಲ್ಫ್‌ನ ಕಂಪೆನಿಯೊಂದರಿಂದ ಇಂಟರ್‌ವ್ಯೂಗೆ ಮೇಲ್ ಬರುತ್ತದೆ, ನೀವು ಉತ್ತರ ಕಳಿಸುತ್ತೀರಿ. ಸಾವಿರ ಅರ್ಜಿಗಳ ನಡುವೆ ಆ ಉತ್ತರ ನಿಮ್ಮದೇ ಮೇಲ್‌ನ ಕೆಳಗೆ ಹೋಗಿ ಕೂರುವುದು ಹೇಗೆ? ಇದಕ್ಕೆ ಮುಖ್ಯ ಆಧಾರ ಮೆಸೇಜ್-ಐಡಿ. ಪ್ರತಿ ಮೇಲ್‌ಗೂ ಎರಡು ಕೋನ ಬ್ರಾಕೆಟ್‌ಗಳ ಮಧ್ಯೆ, ನಡುವೆ 'ಅಟ್' ಚಿಹ್ನೆ ಇರುವ ಒಂದು ಗುರುತು ಇರುತ್ತದೆ. ಉತ್ತರ ಬರೆದಾಗ ಹಳೆಯ ಗುರುತು 'ಇನ್-ರಿಪ್ಲೈ-ಟು', 'ರೆಫರೆನ್ಸಸ್' ಎಂಬ ಸಾಲುಗಳಲ್ಲಿ ಜೊತೆಗೆ ಹೋಗುತ್ತದೆ.

ವಿದ್ಯಾನಗರದ ಕಡೆಯಿಂದ ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿಬರುವ ನಮ್ಮ ಮಕ್ಕಳು ಸಿ ಬರೆಯಲು ಚೆನ್ನಾಗಿಯೇ ಕಲಿಯುತ್ತಾರೆ. ಬೇರೆಯವರ ಕೋಡ್ ಓದಿ ತಪ್ಪು ಹಿಡಿಯುವ ಅಭ್ಯಾಸ ಮಾತ್ರ ಕಡಿಮೆ. ಕೆಲಸಕ್ಕೆ ಸೇರಿದ ಮೇಲೆ ಅದೇ ದಿನನಿತ್ಯದ ಕೆಲಸ ಮಾರಾಯ್ರೆ!

ಮೊದಲು ಹೋಲಿಕೆ ನೋಡಿ. ಒಂದು ಐಡಿ '101@ಶಾಪ್.ಇನ್', ಇನ್ನೊಂದು '101@ಶಾಪ್.ಇನ್ಫೋ' ಎಂದಿಟ್ಟುಕೊಳ್ಳಿ. ಬ್ರಾಕೆಟ್ ಕಳಚಿ, ಮೊದಲನೆಯದರ ಉದ್ದದಷ್ಟೇ ಅಕ್ಷರಗಳನ್ನು ಸ್ಟ್ರ್‌ಎನ್‌ಕಂಪ್‌ಗೆ ಕೊಟ್ಟರೆ ಎರಡೂ ಒಂದೇ ಎನ್ನುತ್ತದೆ. ಒಬ್ಬರ ಪಾಸ್‌ಪೋರ್ಟ್ ಪ್ರತಿ ಇನ್ನೊಬ್ಬರ ಮಾತುಕತೆಯೊಳಗೆ ಹೋಗಿ ಬೀಳಲು ಇಷ್ಟು ಸಾಕು. ಮೊದಲು ಎರಡರ ಉದ್ದ ಸಮ ಇದೆಯಾ ಎಂದು ನೋಡಬೇಕು, ಆಮೇಲೆ ಅಕ್ಷರ.

ಎರಡನೆಯದು ಇನ್ನೂ ಅಪಾಯ. ಮುಚ್ಚುವ ಬ್ರಾಕೆಟ್ ಹುಡುಕಲು ಸ್ಟ್ರ್‌ಚರ್ ಬಳಸುತ್ತಾರೆ. ಬ್ರಾಕೆಟ್ ಇಲ್ಲದಿದ್ದರೆ ಅದು ನಲ್ ಕೊಡುತ್ತದೆ. ಅದನ್ನು ಪರೀಕ್ಷಿಸದೆ ಆರಂಭದ ಪಾಯಿಂಟರನ್ನು ಕಳೆದರೆ ಉದ್ದದ ಜಾಗದಲ್ಲಿ ಅರ್ಥವಿಲ್ಲದ ದೊಡ್ಡ ಸಂಖ್ಯೆ ಬರಬಹುದು, ಅಷ್ಟನ್ನೂ ಕಾಪಿ ಮಾಡಲು ಮೆಮ್‌ಕಾಪಿ ಹೊರಡುತ್ತದೆ. ಮೇಲ್ ಹೊರಗಿನಿಂದ ಬರುವಂಥದ್ದು, ಬೇಕೆಂದೇ ಬ್ರಾಕೆಟ್ ಬಿಟ್ಟು ಕಳಿಸುವವರೂ ಇದ್ದಾರೆ.

ಉದ್ದವನ್ನು ಸುಮ್ಮನೆ ನಂಬಿದ್ದರ ಫಲ 2014ರಲ್ಲಿ ಜಗತ್ತೇ ಕಂಡಿತು. ಓಪನ್‌ಎಸ್‌ಎಸ್‌ಎಲ್‌ನ 'ಹಾರ್ಟ್‌ಬ್ಲೀಡ್' ದೋಷದಲ್ಲಿ, ಎದುರಿನವರು ಹೇಳಿದ ಉದ್ದವನ್ನು ಕೋಡ್ ಪರಿಶೀಲಿಸಲಿಲ್ಲ. ಒಮ್ಮೆಗೆ 64 ಕಿಲೋಬೈಟ್‌ವರೆಗೆ ಸರ್ವರ್‌ನ ಮೆಮೊರಿ ಹೊರಗೆ ಸೋರುತ್ತಿತ್ತು. ಆ ಕೋಡ್ ಕೂಡ ರಿವ್ಯೂ ದಾಟಿಯೇ ಬಂದಿತ್ತು, 2012ರಿಂದ ಎರಡು ವರ್ಷ ಬಳಕೆಯಲ್ಲೂ ಇತ್ತು.

ಇನ್ನು ದೊಡ್ಡಕ್ಷರ, ಸಣ್ಣಕ್ಷರದ ವಿಷಯ. 'ಮೆಸೇಜ್-ಐಡಿ' ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದರೂ ಒಪ್ಪಬೇಕು, ಆದರೆ ಬ್ರಾಕೆಟ್ ಒಳಗಿನದನ್ನು ಇದ್ದ ಹಾಗೆಯೇ ಹೋಲಿಸಬೇಕು. ರೆಫರೆನ್ಸಸ್ ಉದ್ದವಾದರೆ ಮುಂದಿನ ಸಾಲಿಗೆ ಇಳಿಯುತ್ತದೆ. ಆ ಸಾಲು ಖಾಲಿ ಜಾಗ ಅಥವಾ ಟ್ಯಾಬ್‌ನಿಂದ ಶುರುವಾಗುವುದರಿಂದ ಅದನ್ನು ಹೊಸ ಸಾಲೆಂದು ಎಣಿಸಬಾರದು.

ಕೋಡ್ ಕೈಗೆ ಬಂದಾಗ ಓದುವ ಮೊದಲೇ ನಾಲ್ಕು ಕೆಟ್ಟ ಐಡಿ ಬರೆದಿಟ್ಟುಕೊಳ್ಳಿ: ಖಾಲಿ, ಬ್ರಾಕೆಟ್ ಮುಚ್ಚದ್ದು, ಎರಡು ಸಾಲಿಗೆ ಹರಡಿದ್ದು, ಇನ್ನೊಂದರ ಆರಂಭದಂತೆಯೇ ಇರುವುದು. ಒಂದೊಂದನ್ನೂ ಬೆರಳಿಟ್ಟು ಸಾಲುಸಾಲಾಗಿ ಕೋಡಿನೊಳಗೆ ನಡೆಸಿ ನೋಡಿ.